ಉಳುಕಿದ ಕಾಲಿಗೆ ಬರೀ ಅಲ್ಟ್ರಾಸೌಂಡ್ ಸಾಕಾ?

ಪ್ರಶ್ನೆ: ಸರ್, ಕಬಡ್ಡಿ ಆಡ್ತೀನಿ. ರೈಡ್ ಹೋದಾಗ ಪಾದ ಒಳಗಡೆ ಹೊರಳಿ ಹೊರಗಿನ ಗಿಣ್ಣಿನ ಹತ್ರ ಊದ್ಕೊಂಡಿತ್ತು, ಎಕ್ಸ್‌ರೇಲಿ ಮೂಳೆಗೇನೂ ಆಗಿಲ್ಲ. ಮೂರು ವಾರ ಆಯ್ತು, ದಿನಾ ಅಲ್ಟ್ರಾಸೌಂಡ್ ಕೊಡ್ತಿದಾರೆ, ಇನ್ನೂ ಹತ್ತು ಸಿಟ್ಟಿಂಗ್ ಬೇಕಂತೆ. ತಗೊಳ್ಲಾ?
– ಓದುಗರು, ದಾವಣಗೆರೆ

ಉತ್ತರ: ಬರೀ ಅದೊಂದೇ ಕೊಡ್ತಿದಾರೆ ಅಂದ್ರೆ ನಾನಂತೂ ಬೇಡ ಅಂತೀನಿ. ಇದು ಸ್ಕ್ಯಾನ್ ಅಲ್ಲ, ನೋವಿರೋ ಜಾಗಕ್ಕೆ ಶಬ್ದದ ಅಲೆ ಬಿಡೋ ಚಿಕಿತ್ಸೆ. ಆ ಮಷೀನಿನ ಹಿಡಿ ತುದೀಲಿ ಒಂದು ಕ್ರಿಸ್ಟಲ್ ಇರುತ್ತೆ, ಕರೆಂಟ್ ಕೊಟ್ರೆ ಸೆಕೆಂಡಿಗೆ 10 ಲಕ್ಷ ಇಲ್ಲಾ 30 ಲಕ್ಷ ಸಲ ನಡುಗುತ್ತೆ, ಅಂದ್ರೆ 1 ಅಥವಾ 3 ಮೆಗಾಹರ್ಟ್ಸ್. 1 ಆದ್ರೆ ಆಳಕ್ಕೆ ಹೋಗುತ್ತೆ, 3 ಆದ್ರೆ ಚರ್ಮದ ಕೆಳಗೆ ಒಂದೆರಡು ಸೆಂಟಿಮೀಟರ್ ಅಷ್ಟೇ, ಗಿಣ್ಣಿನ ಲಿಗಮೆಂಟ್ (ಮೂಳೆಗಳನ್ನ ಕಟ್ಟಿ ಹಿಡಿಯೋ ಪಟ್ಟಿ) ಚರ್ಮದ ಹತ್ರಾನೇ ಇರೋದ್ರಿಂದ ಅದಕ್ಕೆ 3 ಸಾಕು. ಮಧ್ಯೆ ಗಾಳಿ ಇದ್ರೆ ಅಲೆ ಒಳಗೆ ಹೋಗೋದೇ ಇಲ್ಲ, ಅದಕ್ಕೇ ಜೆಲ್ ಹಚ್ಚೋದು. ಹಿಡಿ ಒಂದೇ ಕಡೆ ನಿಂತ್ರೆ ಮೂಳೆ ಹತ್ರ ಚುಳ್ ಅಂತ ನೋವಾಗುತ್ತೆ, ಹಾಗಾದ್ರೆ ತಕ್ಷಣ ಹೇಳ್ಬಿಡಿ. ಪಲ್ಸ್ ಮೋಡಲ್ಲಿ (ಅಲೆ ಬಿಟ್ಟು ಬಿಟ್ಟು ಬರೋ ಹಾಗೆ) ಇಟ್ಟಿದ್ರೆ ಬಿಸಿ ಗೊತ್ತಾಗಲ್ಲ, ಮಷೀನ್ ಕೆಟ್ಟಿದೆ ಅಂದ್ಕೋಬೇಡಿ.

ಇದ್ರಿಂದ ಉಳುಕು ಬೇಗ ವಾಸಿಯಾಗುತ್ತಾ? 2011ರಲ್ಲಿ, ಚಿಕಿತ್ಸೆಗಳ ಬಗ್ಗೆ ಆದ ಪ್ರಯೋಗಗಳನ್ನ ಒಟ್ಟುಗೂಡಿಸಿ ನೋಡೋ ಅಂತಾರಾಷ್ಟ್ರೀಯ ಸಂಸ್ಥೆ ಕಾಕ್ರೇನ್‌ನವರು ಗಿಣ್ಣಿನ ಉಳುಕಿನ ಬಗ್ಗೆ ಆಗಿದ್ದ 6 ಪ್ರಯೋಗಗಳನ್ನ, ಒಟ್ಟು 606 ಜನರದ್ದು, ಒಟ್ಟಿಗೆ ಇಟ್ಟು ನೋಡಿದ್ರು. ಅದ್ರಲ್ಲಿ ಐದರಲ್ಲಿ ಕೆಲವ್ರಿಗೆ ನಿಜವಾದ ಅಲ್ಟ್ರಾಸೌಂಡ್, ಕೆಲವ್ರಿಗೆ ಆಫ್ ಮಾಡಿದ ಮಷೀನನ್ನೇ ಸುಮ್ನೆ ಆಡಿಸಿದ್ದು, ಇಬ್ಬರಿಗೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಬರ್ಲಿಲ್ಲ. ಎಲ್ಲಾ ಕಡೆ ವೇಸ್ಟ್ ಅಂತಲ್ಲ, ಭುಜದಲ್ಲಿ ಸ್ನಾಯುನ ಮೂಳೆಗೆ ಸೇರಿಸೋ ಟೆಂಡನ್‌ನಲ್ಲಿ ಕ್ಯಾಲ್ಸಿಯಂ ಕಟ್ಕೊಂಡೋರಿಗೆ ಸ್ವಲ್ಪ ಕಾಲ ಉಪಯೋಗ ಆಗಿದ್ದು 1999ರ ಒಂದು ಪ್ರಯೋಗದಲ್ಲಿ ಕಂಡಿದೆ. ಆದ್ರೆ ನಿಮ್ಮ ತೊಂದ್ರೆ ಅದಲ್ಲ.

ನಿಮಗೆ ಬೇಕಿರೋದು ಕಾಲಿಗೆ ಕೆಲ್ಸ. ಈಗಿಂದ್ಲೇ ಗೋಡೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸಿ, ಮೊದ್ಲು ಎರಡೂ ಕಾಲು, ಆಮೇಲೆ ಒಂಟಿ ಕಾಲು. ರಬ್ಬರ್ ಬ್ಯಾಂಡ್ ಸಿಗಿಸಿ ಪಾದನ ಹೊರಗಡೆ ತಳ್ಳಿ. ದಿನಾ ಒಂಟಿ ಕಾಲಲ್ಲಿ ನಿಂತು ಬ್ಯಾಲೆನ್ಸ್ ಮಾಡಿ, ಇದನ್ನ ಮಾತ್ರ ಬಿಡ್ಬೇಡಿ, ನೋವು ಹೋಯ್ತು ಅಂತ ನೇರ ಮ್ಯಾಟಿಗೆ ಹೋದೋರಿಗೇ ಅದೇ ಕಾಲು ಮತ್ತೆ ಮತ್ತೆ ಉಳುಕೋದು. ಉಳುಕಿದ ಕಾಲಲ್ಲೇ ಕುಂಟಾಬಿಲ್ಲೆ ತರ ಹಾರಿ, ಪಕ್ಕಕ್ಕೆ ಓಡಿ ತಿರುಗೋಕೆ ಧೈರ್ಯ ಬಂದ್ಮೇಲೆ ರೈಡ್‌ಗೆ ಹೋಗಿ. ಇದನ್ನೆಲ್ಲ ಪಕ್ಕದಲ್ಲಿ ನಿಂತು ಹೇಳ್ಕೊಡೋ ಫಿಸಿಯೋ ಸಿಕ್ಕಿದ್ರೆ ಆ ಹತ್ತು ಸಿಟ್ಟಿಂಗ್ ದುಡ್ಡು ಅವ್ರಿಗೆ ಕೊಡಿ, ಸಾರ್ಥಕ.

ಪ್ರಶ್ನೆ: ಮಗಳಿಗೆ 13 ವರ್ಷ, ಲಾಂಗ್ ಜಂಪ್ ಮಾಡ್ತಾಳೆ. ಮಂಡಿಚಿಪ್ಪಿನ ಕೆಳಗೆ ಮೂಳೆ ಉಬ್ಬಿ ನೋವು. ಅಲ್ಟ್ರಾಸೌಂಡ್ ಕೊಡಿಸ್ಬಹುದಾ?
– ತಾಯಿ, ಶಿರಸಿ

ಉತ್ತರ: ಬೇಡಮ್ಮ. ಈ ವಯಸ್ಸಲ್ಲಿ ಮೂಳೆ ಇನ್ನೂ ಬೆಳೀತಿರುತ್ತೆ, ಬೆಳೆಯೋ ಜಾಗದ ಮೇಲೆ ಆ ಮಷೀನ್ ಇಡಬಾರ್ದು ಅಂತಾನೇ ನಮಗೆ ಕಲಿಸೋದು. (ಗರ್ಭಿಣಿಯರ ಹೊಟ್ಟೆ ಸೊಂಟ, ಪೇಸ್‌ಮೇಕರ್ ಇರೋ ಜಾಗ, ಕ್ಯಾನ್ಸರ್ ಗಡ್ಡೆ, ಶುಗರ್‌ನಿಂದ ಸ್ಪರ್ಶ ಹೋಗಿರೋ ಪಾದ, ಇಲ್ಲೂ ಇಡಬಾರ್ದು.) ನೀವು ಹೇಳಿದ್ದು ಜಾಸ್ತಿ ಹಾರೋ ಓಡೋ ಮಕ್ಕಳಲ್ಲಿ ತುಂಬಾ ಕಾಮನ್, ಬೆಳವಣಿಗೆ ಮುಗೀತಾ ಬಂದ ಹಾಗೆ ನೋವು ತಾನಾಗೇ ಕಮ್ಮಿ ಆಗುತ್ತೆ. ಸದ್ಯಕ್ಕೆ ಜಂಪ್ ಕಮ್ಮಿ ಮಾಡ್ಸಿ, ತೊಡೆ ಗಟ್ಟಿಯಾಗೋ ವ್ಯಾಯಾಮ ಮಾಡ್ಸಿ, ಪ್ರಾಕ್ಟೀಸ್ ಆದ್ಮೇಲೆ ಬಟ್ಟೆ ಸುತ್ತಿ ಐಸ್ ಇಡಿ. ಕುಂಟ್ತಾ ಇದ್ರೆ ಅಥವಾ ರಾತ್ರಿ ನೋವಿಂದ ಎಚ್ಚರ ಆಗ್ತಿದ್ರೆ ತಡ ಮಾಡ್ದೆ ಮೂಳೆ ಡಾಕ್ಟ್ರಿಗೆ ತೋರ್ಸಿ.