ಹನ್ನೆರಡು ತಂತಿಗೆ ಲೋಹದ ಉಗುರು

ಪ್ರಶ್ನೆ: ಆರು ತಂತಿಯ ಗಿಟಾರನ್ನು ಬರಿಬೆರಳಿನಲ್ಲಿ ನಾಲ್ಕು ವರ್ಷ ನುಡಿಸಿದ್ದೇನೆ. ಈಚೆಗೆ ಹನ್ನೆರಡು ತಂತಿಯದನ್ನು, ಅಂದರೆ ಆರು ಜೋಡಿ ತಂತಿಯದನ್ನು ಕೊಂಡು, ಜೊತೆಗೆ ಬೆರಳಿಗೆ ಉಗುರಿನಂತೆ ತೊಡುವ ಲೋಹದ ಫಿಂಗರ್ ಪಿಕ್‌ಗಳನ್ನೂ ತಂದೆ. ಮೀಟಿದರೆ ಸ್ವರಕ್ಕಿಂತ ಮೊದಲು ಕರಕರ ಸದ್ದು ಕೇಳುತ್ತದೆ; ಪಿಕ್ ತಂತಿಗೆ ಸಿಕ್ಕಿಕೊಂಡು ಬೆರಳಿನಿಂದ ಕಳಚುತ್ತದೆ; ಜೋಡಿ ತಂತಿಗಳಲ್ಲಿ ಒಂದು ನುಡಿದರೆ ಇನ್ನೊಂದು ಸುಮ್ಮನಿರುತ್ತದೆ. ತಪ್ಪು ನನ್ನದೋ, ಪಿಕ್‌ನದೋ?

ಉತ್ತರ: ಕೊಂಡು ತಂದ ಪಿಕ್ಕನ್ನು ತಂದ ಹಾಗೆಯೇ ಹಾಕಿಕೊಂಡಿದ್ದೀರಿ ಎಂದು ನನ್ನ ಊಹೆ. ಲೋಹದ ಪಿಕ್ಕಿನ ಅಲಗು, ಅಂದರೆ ತಂತಿಗೆ ತಾಗುವ ಭಾಗ, ಸಾಮಾನ್ಯವಾಗಿ ಹೆಚ್ಚು ಬಾಗಿರದೆ ಬರುತ್ತದೆ. ಅದನ್ನು ನಿಮ್ಮ ಬೆರಳಿಗೆ ತಕ್ಕಂತೆ ಬಗ್ಗಿಸಿಕೊಳ್ಳುವುದು ಕಲಿಕೆಯ ಮೊದಲ ಪಾಠ. ಅಲಗು ಉಗುರಿನ ಕಡೆಗಲ್ಲ, ಬೆರಳಿನ ಒಳಮೈಗೆ ಬರಬೇಕು. ಬಳೆಯಂಥ ಭಾಗದ ಎರಡು ರೆಕ್ಕೆಗಳನ್ನು ಇಕ್ಕಳದಿಂದ ಸ್ವಲ್ಪ ಸ್ವಲ್ಪವೇ ಒತ್ತುತ್ತ, ಕೈ ಕೊಡವಿದರೂ ಪಿಕ್ ಜಾರದಷ್ಟು, ಆದರೆ ಬೆರಳ ತುದಿ ಕೆಂಪೇರದಷ್ಟು ಬಿಗಿ ಮಾಡಿಕೊಳ್ಳಿ. ಅಲಗು ಬೆರಳ ತುದಿಯನ್ನು ದಾಟಿ ಎರಡು ಮೂರು ಮಿಲಿಮೀಟರಿನಷ್ಟು ಮುಂದಿದ್ದರೆ ಸಾಕು, ಅದೂ ಬೆರಳಿನ ದುಂಡನ್ನೇ ಅನುಸರಿಸಿ ಮೇಲಕ್ಕೆ ಬಾಗಿರಬೇಕು. ನೇರವಾಗಿ ಚಾಚಿಕೊಂಡ ಅಲಗು ಕೊಕ್ಕೆಯಂತೆ ತಂತಿಗೆ ಸಿಕ್ಕಿಬೀಳುತ್ತದೆ. ದಪ್ಪವನ್ನೂ ಗಮನಿಸಿ: 0.018 ಇಂಚಿನದು ಸುಲಭವಾಗಿ ಬಾಗುತ್ತದೆ, 0.025 ಇಂಚಿನದು ಹಟ ಮಾಡುತ್ತದೆ.

ಇನ್ನು ಕರಕರ ಸದ್ದು. ದಪ್ಪ ತಂತಿಗಳ ಮೇಲೆ ಸುತ್ತಿದ ಸರಿಗೆಗೆ ಅಲಗಿನ ಅಂಚು ಉಜ್ಜಿದಾಗ ಅದು ಹುಟ್ಟುತ್ತದೆ. ಒಂದೇ ಜೋಡಿಯನ್ನು ಆರಿಸಿಕೊಂಡು, ಮೀಟದೆ, ಪಿಕ್ಕನ್ನು ತಂತಿಗೆ ಸುಮ್ಮನೆ ತಾಗಿಸಿ ನೋಡಿ. ಅಲಗಿನ ಅಗಲ ಪೂರ್ತಿ ಕೂರದೆ ಒಂದು ಮೂಲೆ ಮಾತ್ರ ತಾಗುತ್ತಿದ್ದರೆ, ಮಣಿಕಟ್ಟನ್ನು ತುಸು ತಿರುಗಿಸಿ, ಅಥವಾ ಅಲಗನ್ನೇ ಕೂದಲೆಳೆಯಷ್ಟು ತಿರುಚಿ. ಸದ್ದು ಪೂರ್ತಿ ಅಡಗುವುದಿಲ್ಲ. ಆ ‘ಟಿಕ್’ ಇಲ್ಲದಿದ್ದರೆ ಲೋಹದ ಪಿಕ್ ಹಾಕುವುದಾದರೂ ಏಕೆ?

ಜೋಡಿಯಲ್ಲಿ ಒಂದು ಮೌನವಾಗುವುದಕ್ಕೆ ಕಾರಣ ಬೇರೆ. ಕೆಳಸ್ವರದ ನಾಲ್ಕು ಜೋಡಿಗಳಲ್ಲಿ ದಪ್ಪ ತಂತಿಯ ಪಕ್ಕದಲ್ಲಿ ಒಂದು ಸ್ಥಾಯಿ ಮೇಲಿನ ಸಣ್ಣ ತಂತಿಯಿರುತ್ತದೆ. ಉಳಿದೆರಡು ಜೋಡಿಗಳಲ್ಲಿ ಎರಡಕ್ಕೂ ಒಂದೇ ಸ್ವರ. ಸಾಮಾನ್ಯ ಜೋಡಣೆಯಲ್ಲಿ ಸಣ್ಣ ತಂತಿ ಹೆಬ್ಬೆರಳಿನ ಕಡೆಗಿರುವುದರಿಂದ, ಕೆಳಮುಖವಾಗಿ ಬರುವ ಹೆಬ್ಬೆರಳಿಗೆ ಅದು ಮೊದಲು ಸಿಗುತ್ತದೆ; ಮೇಲ್ಮುಖವಾಗಿ ಬರುವ ಬೆರಳುಗಳಿಗಾದರೋ ದಪ್ಪ ತಂತಿಯೇ ಮೊದಲು ಸಿಕ್ಕಿ, ಸಣ್ಣದು ತಪ್ಪಿಹೋಗುತ್ತದೆ. ಅದಕ್ಕೆ ಜೋರಾಗಿ ಮೀಟುವುದು ಪರಿಹಾರವಲ್ಲ. ಬೆರಳನ್ನು ಅಂಗೈಯತ್ತ ಎಳೆದು ಎರಡನೆಯ ತಂತಿಯನ್ನೂ ದಾಟಿಸಿ. ಮೊದಲ ಕೆಲವು ವಾರ ಹೆಬ್ಬೆರಳಿಗೆ ಪ್ಲಾಸ್ಟಿಕ್ಕಿನ ಥಂಬ್ ಪಿಕ್ ಮತ್ತು ತೋರುಬೆರಳಿನ ಒಂದೇ ಲೋಹದ ಪಿಕ್ ಸಾಕು. ಮಧ್ಯದ ಬೆರಳು ಆಮೇಲೆ ಬರಲಿ.

ಬಲ ಹಾಕಬೇಡಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ವಾದ್ಯದಲ್ಲಿ ಹೆಸರಾದ ಅಮೆರಿಕದ ಲಿಯೊ ಕಾಟ್ಕಿ ಫಿಂಗರ್ ಪಿಕ್ ಹಾಕಿ ಬಿರುಸಾಗಿ ನುಡಿಸಿಯೇ ಬಲಗೈಯ ಸ್ನಾಯುರಜ್ಜುಗಳಿಗೆ ಪೆಟ್ಟು ಮಾಡಿಕೊಂಡು, ಕೊನೆಗೆ ಪಿಕ್ ಬಿಟ್ಟು ನುಡಿಸುವ ರೀತಿಯನ್ನೇ ಬದಲಿಸಬೇಕಾಯಿತು. ಎಲ್ಲ ಬೆರಳಿಗೂ ಲೋಹ ಬೇಕೆಂದೂ ಇಲ್ಲ: ‘ದ ಬರ್ಡ್ಸ್’ ತಂಡದಿಂದ ಹೆಸರಾದ ಅಮೆರಿಕದ ರೋಜರ್ ಮೆಗ್ವಿನ್ ಹೆಬ್ಬೆರಳು–ತೋರುಬೆರಳುಗಳ ನಡುವೆ ಚಪ್ಪಟೆ ಪಿಕ್ ಹಿಡಿದು, ಮಧ್ಯದ ಬೆರಳು ಮತ್ತು ಉಂಗುರಬೆರಳಿಗಷ್ಟೇ ಲೋಹದ ಪಿಕ್ ಹಾಕುತ್ತಾರೆ. ಕೈ ನೋವು ಬಂದ ದಿನ ಅಭ್ಯಾಸ ನಿಲ್ಲಿಸಿ.

ಪ್ರಶ್ನೆ: ನನ್ನ ಹನ್ನೆರಡು ತಂತಿಯ ಗಿಟಾರಿನಲ್ಲಿ ಮೂರನೆಯ ಜೋಡಿಯ ಸಣ್ಣ ತಂತಿ ಮಾತ್ರ ಮತ್ತೆ ಮತ್ತೆ ತುಂಡಾಗುತ್ತದೆ. ಲೋಹದ ಪಿಕ್ ಕಾರಣವೇ?

ಉತ್ತರ: ಪಿಕ್ ಮೇಲೆ ತಪ್ಪು ಹೊರಿಸಬೇಡಿ. ಇಡೀ ವಾದ್ಯದಲ್ಲಿ ಅತಿ ಮೇಲಿನ ಸ್ವರದ್ದು ಆ ತಂತಿಯೇ. ಮೊದಲನೆಯ ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ (ಕುತ್ತಿಗೆಯ ಮೇಲಿನ ಲೋಹದ ಮೆಟ್ಟಿಲು) ಒತ್ತಿದಾಗ ಬರುವ ಸ್ವರವನ್ನು ಅದು ತೆರೆದೇ ನುಡಿಯಬೇಕು. ದಪ್ಪ ಬರೀ 0.008 ಅಥವಾ 0.009 ಇಂಚು. ಇಡೀ ಗಿಟಾರನ್ನು ಒಂದು ಸ್ವರ ಕೆಳಗೆ ಶ್ರುತಿ ಮಾಡಿ ಎರಡನೆಯ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿಕೊಳ್ಳಿ. ಹನ್ನೆರಡು ತಂತಿಗೆ ಹೆಸರಾದ ಅಮೆರಿಕದ ಹಳೆಯ ಬ್ಲೂಸ್ ಗಾಯಕ ಲೆಡ್ ಬೆಲ್ಲಿ ಇನ್ನೂ ಕೆಳಗಿಳಿಸಿಯೇ ನುಡಿಸುತ್ತಿದ್ದರು. ಆಗಲೂ ತುಂಡಾದರೆ, ತುಂಡಾದ ಜಾಗ ನೋಡಿ: ಪ್ರತಿ ಸಲವೂ ನಟ್‌ನ (ಕುತ್ತಿಗೆಯ ತಲೆಯ ಕಡೆ ತಂತಿಗಳು ಹಾಯುವ ಪಟ್ಟಿ) ಹತ್ತಿರವೇ ಆಗಿದ್ದರೆ ಅಲ್ಲಿ ತಂತಿ ಕೂರುವ ಕಚ್ಚಿನ ಅಂಚು ಹರಿತವಾಗಿದೆ ಎಂದರ್ಥ, ಅದನ್ನು ನಯಗೊಳಿಸಬೇಕು.