ಮೂಗು ಕೆಳಗಾದಾಗ ಆಯಿಲ್ ಎಲ್ಲಿರುತ್ತೆ?

ಪ್ರಶ್ನೆ: ಗೆಳೆಯರು ಸೇರಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೇವೆ. ಎಂಜಿನ್ ಮಜ್ದಾ 13ಬಿ ರೋಟರಿ, ಪಿಸ್ಟನ್ ಬದಲು ತಿರುಗುವ ರೋಟರ್‌ಗಳಿರುವ ಕಾರಿನ ಎಂಜಿನ್. ಕೌಲಿಂಗ್ (ಎಂಜಿನ್ ಮುಚ್ಚುವ ಕವಚ) ಒಳಗೆ ಜಾಗ ಸಾಲದು, ಅದಕ್ಕೆ ಎಂಜಿನ್ ಅಡಿಗೆ ತೆಳ್ಳನೆಯ ಆಯಿಲ್ ಚೇಂಬರ್ ಮಾಡಿಸುತ್ತಿದ್ದೇವೆ. ಡ್ರಾಯಿಂಗ್ ಕಳಿಸಿದ್ದೇವೆ. ವಿಮಾನ ತಿರುಗುವಾಗ ಆಯಿಲ್ ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತಾ? (ಸಂಡೂರು)

ಉತ್ತರ: ಇಲ್ಲ. ಚೇಂಬರ್ ಮಾಡಿಸುವವರೆಲ್ಲ ಇದನ್ನೇ ಕೇಳುತ್ತಾರೆ, ಕೇಳಬೇಕಾದ್ದನ್ನು ಬಿಡುತ್ತಾರೆ. ರಡ್ಡರ್ (ಬಾಲದ ಚುಕ್ಕಾಣಿ) ಸರಿಯಾಗಿ ಹಿಡಿದು ತಿರುಗಿಸಿದರೆ 60 ಡಿಗ್ರಿ ವಾಲಿದಾಗಲೂ ಆಯಿಲ್ ತಳಕ್ಕೇ ಒತ್ತಿಕೊಂಡಿರುತ್ತದೆ, ಅದೂ ಎರಡು ಪಟ್ಟು ಭಾರದಲ್ಲಿ. ಅಮೆರಿಕದ ಪೈಲಟ್ ಬಾಬ್ ಹೂವರ್ ವಿಮಾನವನ್ನು ಪೂರ್ತಿ ಉರುಳಿಸುತ್ತಲೇ ಲೋಟಕ್ಕೆ ಟೀ ಸುರಿದು ತೋರಿಸುತ್ತಿದ್ದರು.

ನಿಮಗೆ ಅಪಾಯ ಇರುವುದು ಇಳಿಯುವಾಗ. ಕಾರಿನಲ್ಲಿ ಈ ಎಂಜಿನ್‌ನ ಆಯಿಲ್ ಪಂಪ್ ಮುಂದೆ, ಪುಲ್ಲಿ ಕಡೆ ಇರುತ್ತದೆ. ವಿಮಾನದಲ್ಲಿ ಪ್ರೊಪೆಲ್ಲರ್‌ನ ಗೇರ್‌ಬಾಕ್ಸ್ ಫ್ಲೈವೀಲ್ ಕಡೆ, ಅಂದರೆ ಎದುರು ತುದಿಗೆ ಕೂರುತ್ತದೆ. ಅಲ್ಲಿಗೆ ಎಂಜಿನ್ ಹಿಂದುಮುಂದಾಯಿತು, ಪಂಪ್ ಹಿಂದೆ, ಫೈರ್‌ವಾಲ್ (ಎಂಜಿನ್‌ಗೂ ಕಾಕ್‌ಪಿಟ್‌ಗೂ ನಡುವಿನ ಗೋಡೆ) ಪಕ್ಕಕ್ಕೆ ಬಂತು. ನಿಮ್ಮ ಡ್ರಾಯಿಂಗ್‌ನಲ್ಲಿ ಪಂಪ್ ಆಯಿಲ್ ಎಳೆಯುವ ಪಿಕಪ್ ಪೈಪಿನ ಬಾಯಿಯೂ ಅದೇ ತುದಿಯಲ್ಲಿದೆ. ಮೇಲೇರುವಾಗ ಆಯಿಲ್ ಹಿಂದಕ್ಕೆ ಬರುತ್ತದೆ, ತೊಂದರೆಯಿಲ್ಲ. ಮೂಗು ಕೆಳಗಾದರೆ ಎಲ್ಲಾ ಪ್ರೊಪೆಲ್ಲರ್ ಕಡೆಗೆ ಓಡುತ್ತದೆ.

ಲೆಕ್ಕ ಹಾಕಿ ನೋಡಿ. ಚೇಂಬರ್ ಉದ್ದ 500 ಮಿ.ಮೀ., ಆಯಿಲ್ ಆಳ 60 ಮಿ.ಮೀ. ಮೂಗು 10 ಡಿಗ್ರಿ ಇಳಿದರೆ ಹಿಂದಿನ ತುದಿಯಲ್ಲಿ ಉಳಿಯುವುದು 16 ಮಿ.ಮೀ. 15 ಡಿಗ್ರಿಗೆ ಅಲ್ಲಿ ತಳ ಒಣಗುತ್ತದೆ. ಪಂಪ್ ಗಾಳಿ ಎಳೆಯುತ್ತಿರುವಾಗಲೇ ಲ್ಯಾಂಡಿಂಗ್ ಬೇಡವೆಂದು ನೀವು ಫುಲ್ ಥ್ರಾಟಲ್ ಕೊಟ್ಟರೆ ಬೇರಿಂಗ್ ಉಳಿಯುವುದಿಲ್ಲ. ಜೊತೆಗೆ, ಎಂಜಿನ್ ಓಡುವಾಗ ಸ್ವಲ್ಪ ಆಯಿಲ್ ರೋಟರ್, ಕೂಲರ್, ಪೈಪುಗಳಲ್ಲಿ ಇರುತ್ತದೆ. ನಿಂತಾಗ ಅಳೆದ 60 ಓಡುವಾಗ 60 ಇರಲ್ಲ.

ಪಿಕಪ್ ಬಾಯಿಯನ್ನು ಉದ್ದದ ನಡುವಿಗೆ ತನ್ನಿ. ಎತ್ತ ವಾಲಿದರೂ ನಡುವಿನ ಮಟ್ಟ ಹೆಚ್ಚು ಬದಲಾಗುವುದಿಲ್ಲ. ಅಲ್ಲಿ ತಳವನ್ನು ಸಣ್ಣ ಗುಂಡಿಯಂತೆ ಇಳಿಸಿ. ಸುತ್ತ ತಡೆಗೋಡೆ ಕಟ್ಟಿ, ಒಳಕ್ಕೆ ಮಾತ್ರ ತೆರೆಯುವ ಸಣ್ಣ ಬಾಗಿಲುಗಳನ್ನು ಇಡಿ. ಬಾಯಿಗೂ ತಳಕ್ಕೂ ನಡುವೆ ಪೈಪಿನ ವ್ಯಾಸದ ಕಾಲು ಭಾಗಕ್ಕಿಂತ ಜಾಸ್ತಿ ಸಂದು ಬೇಕು. 20 ಮಿ.ಮೀ. ಪೈಪಿಗೆ 5 ಸಾಕು ಅಂತ ಲೆಕ್ಕ ಹೇಳುತ್ತದೆ; ನಾನು 8ಕ್ಕಿಂತ ಕಡಿಮೆ ಒಪ್ಪಲ್ಲ. ರೋಟರ್‌ಗಳಿಂದ ಇಳಿದು ಬರುವ ಆಯಿಲ್ ಬಿಸಿ, ನೊರೆ ನೊರೆ. ಅದು ನೇರ ಬಾಯಿಯ ಮೇಲೆ ಬೀಳದಂತೆ ಇಳಿಜಾರಾಗಿ ಒಂದು ತಗಡು ಕೊಡಿ, ಗಾಳಿ ಬಿಡಲು ಸಮಯ ಸಿಗಲಿ.

ವೆಲ್ಡಿಂಗ್ ಮುಗಿದ ಮೇಲೆ ಫ್ಲ್ಯಾಂಜ್ (ಎಂಜಿನ್‌ಗೆ ಕೂರುವ ಅಂಚು) ಸೊಟ್ಟಗಾಗಿರುತ್ತದೆ. ಸಿಲಿಕೋನ್ ಜಾಸ್ತಿ ಬಳಿದರೆ ಆಯಿತು ಅನ್ನುವ ಮೇಸ್ತ್ರಿಯ ಮಾತು ಕೇಳಬೇಡಿ, ಮಿಲ್ಲಿಂಗ್ ಮಾಡಿಸಿ ಸಪಾಟು ಮಾಡಿ. ಹೆಚ್ಚಾಗಿ ಒಳಕ್ಕೆ ಹಿಂಡಿಕೊಂಡ ಸಿಲಿಕೋನ್ ಕಿತ್ತುಬಂದು ಸ್ಟ್ರೈನರ್ (ಪಿಕಪ್ ಬಾಯಿಯ ಜಾಲರಿ) ಕಟ್ಟುತ್ತದೆ. ಆಮೇಲೆ ಹೊರಗೆ ಸುಣ್ಣ ಬಳಿದು ಒಣಗಿಸಿ, ಒಳಗೆ ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಸೂಜಿಮೊನೆಯಷ್ಟು ತೂತಿದ್ದರೂ ಬೆಳಿಗ್ಗೆ ಸುಣ್ಣದ ಮೇಲೆ ಕಪ್ಪು ಕಲೆ ಕಾಣುತ್ತದೆ. ನಿಮ್ಮ ಊರಿನ ಗಾಳಿಯಲ್ಲಿ ಅದಿರಿನ ದೂಳು ಇದ್ದದ್ದೇ, ಜೋಡಿಸುವ ತನಕ ಚೇಂಬರ್ ಮುಚ್ಚಿಡಿ.

ಎಂಜಿನ್ ಕೂರಿಸುವ ಮೊದಲು ಪಕ್ಕಕ್ಕೆ ಅಕ್ರಿಲಿಕ್ ಹಾಕಿದ ಒಂದು ಮಾದರಿ ಮಾಡಿ. ನೀರು ತುಂಬಿ, ಒಂದು ತುದಿಗೆ ಜಾಕ್ ಕೊಟ್ಟು 15 ಡಿಗ್ರಿ ಎತ್ತಿ, ಕಣ್ಣಾರೆ ನೋಡಿ. ಇದನ್ನು ಮಾಡದೆ ಮುಂದಿನ ಡ್ರಾಯಿಂಗ್ ಕಳಿಸಬೇಡಿ.

ಪ್ರಶ್ನೆ: ಚೇಂಬರ್‌ಗೆ ಫಿನ್ (ಶಾಖ ಬಿಡುವ ತಗಡಿನ ಪಟ್ಟಿ) ಹಾಕಿಸಿದರೆ ಆಯಿಲ್ ಕೂಲರ್ ಬಿಡಬಹುದಾ? (ಸಿಂಧನೂರು)

ಉತ್ತರ: ಖಂಡಿತ ಬೇಡ. ಈ ಎಂಜಿನ್‌ನಲ್ಲಿ ರೋಟರ್‌ಗಳನ್ನು ತಣಿಸುವುದೇ ಆಯಿಲ್. 20 ಡಿಗ್ರಿಯ ಊರಿನಲ್ಲಿ 95 ಡಿಗ್ರಿ ಆಯಿಲ್‌ಗೂ ಗಾಳಿಗೂ ವ್ಯತ್ಯಾಸ 75. ರಾಯಚೂರಿನ 42 ಡಿಗ್ರಿಯಲ್ಲಿ ಬರೀ 53. ಅಂದರೆ ಅಲ್ಲಿ ಸಾಕಾದ ಕೂಲರ್ ಕೂಡ ಇಲ್ಲಿ ಸಾಲುವುದಿಲ್ಲ.

ಪ್ರಶ್ನೆ: ರೋಟರಿ ಆಯಿಲ್ ತಿನ್ನುತ್ತೆ ಅಂತಾರೆ. ನಿಲ್ಲಿಸೋಕೆ ಅಂಗಡಿಯವರು ಒಂದು ಡಬ್ಬಿ ಕೊಟ್ಟಿದ್ದಾರೆ. ಹಾಕಲಾ? (ಗಂಗಾವತಿ)

ಉತ್ತರ: ವಾಪಸ್ ಕೊಡಿ. ರೋಟರ್‌ನ ಸೀಲ್ ಸವೆಯದಿರಲಿ ಅಂತ ಎಂಜಿನ್ ತಾನೇ ಸ್ವಲ್ಪ ಆಯಿಲ್ ಒಳಕ್ಕೆ ಬಿಡುತ್ತದೆ, ಅದನ್ನು ನಿಲ್ಲಿಸಬಾರದು.

ಪ್ರಶ್ನೆ: ಮೊದಲ ಹಾರಾಟ ನಮ್ಮ ಹೊಲದಿಂದಲೇ ಮಾಡಬಹುದಾ? (ಕೊಪ್ಪಳ)

ಉತ್ತರ: ಡಿಜಿಸಿಎ (ಕೇಂದ್ರದ ವಿಮಾನಯಾನ ನಿಯಂತ್ರಕ ಸಂಸ್ಥೆ) ಅನುಮತಿ ಇಲ್ಲದೆ ಒಂದು ಅಡಿಯೂ ಮೇಲೇಳಬೇಡಿ. ಇದನ್ನು ಮತ್ತೆ ಕೇಳಿದರೆ ಉತ್ತರಿಸುವುದಿಲ್ಲ.