‘ಆಯ್ತು’ ಅಂದರೆ ಏನಾಯ್ತು?

ತಮ್ಮಾ,

ನಿನ್ನ ಪತ್ರ ಎರಡು ಸಲ ಓದಿದೆ. ಬೆಂಗಳೂರಲ್ಲಿ ಆರು ವರ್ಷ ತಂಡ ನಡೆಸಿದ್ದೀಯ, ಈಗ ಟೀಮ್ ಲೀಡ್ ಅಂತ ಇಲ್ಲಿಗೆ, ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕಳಿಸ್ತಿದ್ದಾರೆ. ಐದು ಜನ ಇಲ್ಲಿ, ಏಳು ಜನ ಅಲ್ಲೇ ಬೆಂಗಳೂರಲ್ಲಿ, ಇಬ್ಬರು ಹಂಗೇರಿಯಲ್ಲಿ. "ಅಕ್ಕ, ಜರ್ಮನ್ನರು ನನ್ನ ಮಾತು ಕೇಳ್ತಾರಾ? ಅವರನ್ನ ಹೇಗೆ ಕೈಯಲ್ಲಿಟ್ಟುಕೊಳ್ಳೋದು?" ಅಂತ ಕೇಳಿದ್ದೀಯ. ಅದರ ಜತೆಗೆ ಮನೆ, ಚಳಿ, ಸೋನಾಮಸೂರಿ ಸಿಗುತ್ತಾ ಅನ್ನೋದು. ಅಕ್ಕಿ ಸಿಗುತ್ತೆ. ಮೊದಲನೇ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಇದೆ, ಕೂತು ಓದು.

ನಮ್ಮಪ್ಪ ದಾವಣಗೆರೆ ಮಂಡಿಪೇಟೆಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ರಜೆಯಲ್ಲಿ ಬುತ್ತಿ ಕೊಡೋಕೆ ಹೋದಾಗ ನೋಡ್ತಿದ್ದೆ. ಸಾವ್ಕಾರ್ರು ಗಾದಿ ಮೇಲೆ ಕೂತರೆ ಇಡೀ ವ್ಯಾಪಾರ ಅವರ ಕಣ್ಣಳತೆಯಲ್ಲಿ. ಬಾಗಿಲಲ್ಲಿ ಲಾರಿ, ಮೂಲೆಯಲ್ಲಿ ತಕ್ಕಡಿ, ಬೆನ್ನ ಮೇಲೆ ಚೀಲ ಹೊತ್ತ ಹಮಾಲರು, ಕಟ್ಟೆ ಮೇಲೆ ಕಾಯ್ತಾ ಕೂತ ರೈತರು. "ಆಯ್ತೇನೋ?" ಅಂತ ಕೂಗೋರು. "ಆಯ್ತು ಸಾವ್ಕಾರ್ರೇ" ಅಂತ ಒಳಗಿಂದ ಉತ್ತರ. ನಿಜವಾಗಿ ಆಗಿದೆಯೋ ಇಲ್ಲವೋ ಅಂತ ಅವರು ಕತ್ತು ತಿರುಗಿಸಿ ನೋಡಿದರೆ ಸಾಕಿತ್ತು. ಆ ‘ಆಯ್ತು’ ನಡೀತಿದ್ದದ್ದು ಅದರ ಹಿಂದೆ ಕಣ್ಣು ಇದ್ದದ್ದಕ್ಕೆ. ನಾನು 2008ರಲ್ಲಿ ಇಲ್ಲಿಗೆ ಬಂದಾಗ ಯಜಮಾನಿಕೆ ಅಂದರೆ ಅದೇ ಅಂತ ತಿಳಿದಿದ್ದೆ. ನೀನೂ ಹಾಗೇ ತಿಳಿದಿದ್ದೀಯ ಅನ್ನೋದು ‘ಕೈಯಲ್ಲಿಟ್ಟುಕೊಳ್ಳೋದು’ ಅನ್ನೋ ಮಾತಲ್ಲೇ ಕಾಣುತ್ತೆ.

ಈಗ ನಿನ್ನ ತಂಡ ನೋಡು. ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಕಣ್ಣಿಗೇ ಬೀಳಲ್ಲ. ಬೀಳುವ ಐದು ಜನರಲ್ಲೂ ಇಬ್ಬರು ಮನೆಯಿಂದ ಕೆಲಸ ಮಾಡ್ತಾರೆ. ಗಾದಿ ಇಲ್ಲ, ಬಾಗಿಲಿಲ್ಲ, ಕತ್ತು ತಿರುಗಿಸಿದರೆ ಕಾಣೋದು ಕಾಫಿ ಮೆಷಿನ್ನು.

ನಮ್ಮ ‘ಆಯ್ತು’ ಎಂಥ ಪದ ಅಂತ ಎಂದಾದರೂ ಯೋಚಿಸಿದ್ದೀಯಾ? ಮುಗಿಯಿತು ಅನ್ನೋದಕ್ಕೂ ‘ಆಯ್ತು’, ಒಪ್ಪಿದೆ ಅನ್ನೋದಕ್ಕೂ ‘ಆಯ್ತು’, ನೀವು ಹೇಳಿದ್ದು ಕಿವಿಗೆ ಬಿತ್ತು, ಮುಂದಿನದು ದೇವರಿಗೆ ಗೊತ್ತು ಅನ್ನೋದಕ್ಕೂ ‘ಆಯ್ತು’. ಮೀಟಿಂಗಲ್ಲಿ ಇದೇ ‘ಓಕೆ’ ಆಗಿ ಇಂಗ್ಲಿಷಿಗೆ ಹೋಗುತ್ತೆ. 2011ರಲ್ಲಿ ನಮ್ಮ ವಿಭಾಗದ ಮುಖ್ಯಸ್ಥ ಬೆಂಗಳೂರಿನ ಹುಡುಗನೊಬ್ಬನಿಗೆ, ಕಾರಿನ ಬಾಗಿಲು ನಿಯಂತ್ರಿಸೋ ಸಾಫ್ಟ್‌ವೇರ್‌ನ ಪರೀಕ್ಷೆ ಶುಕ್ರವಾರದೊಳಗೆ ಬೇಕು ಅಂದ. ಹುಡುಗ ‘ಓಕೆ’ ಅಂದ. ಜರ್ಮನ್ ಕಿವಿಗೆ ಅದು ಶುಕ್ರವಾರದ ವಾಗ್ದಾನ. ಹುಡುಗನ ಬಾಯಲ್ಲಿ ಅದು ‘ಕೇಳಿಸಿಕೊಂಡೆ ಸಾರ್’. ಪರೀಕ್ಷೆಗೆ ಬೇಕಾದ ಯಂತ್ರವೇ ಅವನ ಹತ್ತಿರ ಇರಲಿಲ್ಲ, ಎದುರು ಮಾತಾಡೋದು ಹೇಗೆ ಅಂತ ಸುಮ್ಮನಿದ್ದ. ಸೋಮವಾರ ಗ್ರಾಹಕರ ಮುಂದೆ ನಮ್ಮ ಮಾನ ಹೋಯ್ತು. ತಪ್ಪು ಆ ಹುಡುಗನದೂ ಅಲ್ಲ, ಆ ಮುಖ್ಯಸ್ಥನದೂ ಅಲ್ಲ. ಆ ಕೋಣೆಯಲ್ಲಿ ಎರಡೂ ಕಿವಿ ಇದ್ದವಳು ನಾನೊಬ್ಬಳೇ. ನನಗೆ ಅವನ ದನಿಯಲ್ಲೇ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ.

ಆಮೇಲೆ ನಾನು ಟೀಮ್ ಲೀಡ್ ಆದೆ. ಎಲ್ಲರೂ ಮಾಡೋದನ್ನೇ ಮಾಡಿದೆ: ಹೋದ ಕಣ್ಣನ್ನ ವಾಪಸ್ ತರೋಕೆ ಹೊರಟೆ. ಯಾರು ದಿನಕ್ಕೆ ಎಷ್ಟು ಕೆಲಸ ಮುಗಿಸಿದರು, ಎಷ್ಟು ಹೊತ್ತಿಗೆ ಲಾಗಿನ್ ಆದರು ಅಂತ ಹೆಸರಿನ ಸಮೇತ ತೋರಿಸೋ ಒಂದು ಡ್ಯಾಶ್‌ಬೋರ್ಡ್ ಮಾಡಿಸಿದೆ. ಬೆಂಗಳೂರಲ್ಲಿ ಯಾರೂ ಏನೂ ಅನ್ನಲಿಲ್ಲ. ಇಲ್ಲಿ ಮೂರನೇ ದಿನಕ್ಕೆ ‘ಬೆಟ್ರೀಬ್ಸ್‌ರಾಟ್’ನಿಂದ ಕರೆ ಬಂತು.

ಈ ಪದ ಈಗಲೇ ಬಾಯಿಪಾಠ ಮಾಡ್ಕೋ. ನೌಕರರೇ ಆರಿಸಿದ ಮಂಡಳಿ ಅದು. ಐದು ಕಾಯಂ ನೌಕರರಿರೋ ಕಡೆಯೂ ಅದನ್ನ ಚುನಾಯಿಸಿಕೊಳ್ಳೋ ಹಕ್ಕಿದೆ. ಇನ್ನೂರು ಜನ ದಾಟಿದರೆ ಅದರ ಒಬ್ಬ ಸದಸ್ಯರಾದರೂ ಬೇರೆ ಕೆಲಸ ಬಿಟ್ಟು ಇದನ್ನೇ ಮಾಡ್ತಾರೆ, ಪೂರ್ತಿ ಸಂಬಳದ ಮೇಲೆ. ನೌಕರರ ನಡವಳಿಕೆ ಅಥವಾ ಕೆಲಸದ ಮೇಲೆ ಕಣ್ಣಿಡೋಕೆ ಬರುವ ಯಾವ ತಾಂತ್ರಿಕ ಸಾಧನ ತರಬೇಕಾದರೂ ಅವರ ಒಪ್ಪಿಗೆ ಬೇಕು ಅಂತ ಈ ಮಂಡಳಿಗಳ ಕಾನೂನಿನ 87ನೇ ಕಲಮು ಹೇಳುತ್ತೆ. ನನ್ನ ಡ್ಯಾಶ್‌ಬೋರ್ಡ್ ಆ ಕಲಮಿಗೆ ಅಳತೆ ತೆಗೆದು ಹೊಲಿಸಿದ ಹಾಗಿತ್ತು. ಮಂಡಳಿಯ ಅಧ್ಯಕ್ಷ ಲೇತ್ ಮೆಷಿನ್ನಿನ ಮುಂದೆ ಇಪ್ಪತ್ತು ವರ್ಷ ನಿಂತು ಬಂದವರು. ರೇಗಲಿಲ್ಲ. "ಇದು ಗೊತ್ತಾದ ಮೇಲೆ ನೀವು ಏನು ಮಾಡ್ತೀರಿ?" ಅಂತ ಒಂದೇ ಪ್ರಶ್ನೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತೇ ಅದನ್ನ ಬಂದ್ ಮಾಡಿದೆ.

ಮಂಡಿಪೇಟೆಯಲ್ಲಿ ಹಮಾಲರ ಮಾತು ಬಾಗಿಲಾಚೆಯಿಂದ ಬರ್ತಿತ್ತು, ಕೆಲಸ ನಿಲ್ಲಿಸಿದಾಗ ಮಾತ್ರ ಕೇಳಿಸ್ತಿತ್ತು. ಇಲ್ಲಿ ಆ ಮಾತಿಗೆ ಕೋಣೆಯ ಒಳಗೇ ಕುರ್ಚಿ ಹಾಕಿದ್ದಾರೆ. 1976ರ ಕಾನೂನಿನ ಪ್ರಕಾರ ಎರಡು ಸಾವಿರಕ್ಕಿಂತ ಹೆಚ್ಚು ನೌಕರರಿರೋ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಜನ ನೌಕರರ ಪ್ರತಿನಿಧಿಗಳು. ಮತ ಸಮ ಆದರೆ ಅಧ್ಯಕ್ಷರಿಗೆ ಎರಡನೇ ಮತ ಇದೆ, ಆ ಅಧ್ಯಕ್ಷರು ಸಾಮಾನ್ಯವಾಗಿ ಮಾಲೀಕರ ಕಡೆಯವರು. ಹಾಗಾಗಿ ಕಾರ್ಮಿಕರ ರಾಜ್ಯ ಅಂತೇನೂ ಅಂದ್ಕೋಬೇಡ. ಆದರೆ ಕಂಪನಿಯ ದೊಡ್ಡ ಯಜಮಾನ ಕೂಡ ಅವರಿಗೆ ಮುಖ ಕೊಟ್ಟು ಲೆಕ್ಕ ಹೇಳಬೇಕು. ಇದರಿಂದ ಎಲ್ಲ ನಿಧಾನ ಆಗುತ್ತೆ, ಸುಳ್ಳು ಹೇಳಲ್ಲ. ಮೊದಲ ಎರಡು ವರ್ಷ ನನಗೆ ತಲೆ ಚಚ್ಚಿಕೊಳ್ಳೋ ಹಾಗಾಗಿತ್ತು. ನಿರ್ಧಾರಕ್ಕೆ ಮೊದಲು ಎಳೆದಾಡಿದ ವಿಷಯ ಆಮೇಲೆ ಯಾರೂ ಎಳೆಯಲ್ಲ ಅನ್ನೋದು ತಡವಾಗಿ ತಿಳೀತು. ನಮ್ಮಲ್ಲಿ ಉಲ್ಟಾ: ಮೀಟಿಂಗಲ್ಲಿ ಎಲ್ಲರೂ ‘ಆಯ್ತು’, ಹೊರಗೆ ಬಂದ ಮೇಲೆ ಟೀ ಅಂಗಡಿಯಲ್ಲಿ ಅಸಲಿ ಮೀಟಿಂಗು.

ಡ್ಯಾಶ್‌ಬೋರ್ಡ್ ಹೋದ ಮೇಲೆ ಏನು ಮಾಡಿದೆ ಅಂದರೆ, ನನ್ನ ಪ್ರಶ್ನೆ ಬದಲಾಯಿಸಿದೆ. "ಶುಕ್ರವಾರಕ್ಕೆ ಆಗುತ್ತಾ?" ಅಂತ ಕೇಳೋದು ಬಿಟ್ಟೆ, ಅದಕ್ಕೆ ನಮ್ಮವರಲ್ಲಿ ಒಂದೇ ಉತ್ತರ. "ಶುಕ್ರವಾರಕ್ಕೆ ಆಗದಿದ್ದರೆ ಯಾವ ಕಾರಣಕ್ಕೆ ಆಗಲ್ಲ?" ಅಂತ ಕೇಳೋಕೆ ಶುರು ಮಾಡಿದೆ. ಆಗ ಬಾಯಿ ಬಿಡ್ತಾರೆ. ಯಂತ್ರ ಇಲ್ಲ, ಪರವಾನಗಿ ಬಂದಿಲ್ಲ, ತಂಗಿ ಮದುವೆ ಇದೆ. ಮೀಟಿಂಗಲ್ಲಿ ಆದ ನಿರ್ಧಾರವನ್ನ ಅದೇ ದಿನ ನಾಲ್ಕು ಸಾಲಲ್ಲಿ ಬರೆದು ಕಳಿಸ್ತೀನಿ: ಏನು, ಯಾರು, ಯಾವತ್ತು, ಯಾಕೆ. ಆ ‘ಯಾಕೆ’ಯನ್ನ ಮಾತ್ರ ಬಿಡಬೇಡ. ಇಲ್ಲಿ ಚಳಿಗಾಲದಲ್ಲಿ ಬೆಳಗ್ಗೆ ಹನ್ನೊಂದು ಅಂದರೆ ಬೆಂಗಳೂರಲ್ಲಿ ಮೂರೂವರೆ. ನಾನು ಊಟ ಮುಗಿಸೋ ಹೊತ್ತಿಗೆ ಅವರು ಕಂಪನಿ ಬಸ್ಸು ಹತ್ತಿರ್ತಾರೆ. ಮಧ್ಯೆ ಅನುಮಾನ ಬಂದರೆ ಕೇಳೋಕೆ ನಾನಿರಲ್ಲ, ಕಾರಣ ಗೊತ್ತಿದ್ದರೆ ತಾವೇ ಸರಿಯಾಗಿ ತೀರ್ಮಾನ ಮಾಡ್ತಾರೆ.

ಇನ್ನೊಂದು ವಿಷಯ ನಿನಗೆ ಆಶ್ಚರ್ಯ ಆಗಬಹುದು. ನನ್ನ ಈಗಿನ ಬಾಸ್ ಕೂತಿರೋದು ಬೆಂಗಳೂರಲ್ಲಿ. ನಾವೆಲ್ಲ ಬಂದಾಗ ದಾರಿ ಒಂದೇ ಕಡೆಗಿತ್ತು, ಇಲ್ಲಿ ಯೋಚನೆ, ಅಲ್ಲಿ ಕೂಲಿ. ಬಾಷ್ 1950ರ ದಶಕದಲ್ಲೇ ಮೈಕೋ ಹೆಸರಲ್ಲಿ ಬೆಂಗಳೂರಿಗೆ ಬಂತು, ಮರ್ಸಿಡಿಸ್ 1996ರಲ್ಲಿ ಅಲ್ಲಿ ಸಂಶೋಧನಾ ಕೇಂದ್ರ ತೆರೆಯಿತು, ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 1998ರಲ್ಲಿ. ಮೊದಮೊದಲು ಇಂಥ ಕಡೆಗೆಲ್ಲ ಕಳಿಸ್ತಿದ್ದದ್ದು ಇಲ್ಲಿನವರಿಗೆ ಬೇಜಾರಾದ ಕೆಲಸ. ಇಪ್ಪತ್ತು ವರ್ಷ ಆ ಬೇಜಾರಿನ ಕೆಲಸ ಮಾಡ್ತಾ ಮಾಡ್ತಾ ಇಡೀ ವ್ಯವಸ್ಥೆ ಯಾರಿಗೆ ಗೊತ್ತಾಯ್ತು ಹೇಳು? ಅವರಿಗೇ. ಈಗ ನಮ್ಮ ಉತ್ಪನ್ನದ ಪೂರ್ತಿ ಹೊಣೆ ಅಲ್ಲಿದೆ, ನನಗಿಂತ ಆರು ವರ್ಷ ಚಿಕ್ಕವಳು ನನಗೆ ಗುರಿ ಹಾಕಿಕೊಡ್ತಾಳೆ. ಇಲ್ಲಿನ ಹಳಬರಿಗೆ ಇದು ನುಂಗೋಕೆ ಕಷ್ಟವಾಯ್ತು. ನನಗೂ ಆಯ್ತು, ಒಪ್ಪಿಕೊಳ್ತೀನಿ. ಮುಖ್ಯ ಕಚೇರಿಯಲ್ಲಿದ್ದೀನಿ ಅನ್ನೋ ಒಂದು ಸಣ್ಣ ಜಂಬ ಇತ್ತಲ್ಲ, ಅದು ಹೋಯ್ತು.

2022ರ ಮಾರ್ಚ್ ಕೂಡ ಮರೆಯೋ ಹಾಗಿಲ್ಲ. ಕಾರಿನೊಳಗೆ ನರಗಳ ಹಾಗೆ ಓಡೋ ವೈರುಗಳ ಕಟ್ಟು ಇರುತ್ತೆ, ಒಂದೊಂದು ಕಾರಿಗೆ ಗ್ರಾಹಕ ಕೇಳಿದ ಸೌಲಭ್ಯದ ಪ್ರಕಾರ ಬೇರೆ ಬೇರೆ. ಹೆಚ್ಚಿನ ಭಾಗ ಕೈಯಲ್ಲೇ ಕಟ್ಟಬೇಕು, ದಾಸ್ತಾನು ಇಡೋಕೆ ಆಗಲ್ಲ. ಅದನ್ನ ಮಾಡ್ತಿದ್ದ ಎಷ್ಟೋ ಕಾರ್ಖಾನೆಗಳು ಪಶ್ಚಿಮ ಉಕ್ರೇನಿನಲ್ಲಿದ್ದವು. ಯುದ್ಧ ಶುರುವಾಗಿ ಕೆಲವೇ ದಿನದಲ್ಲಿ ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯೂ, ಪೋರ್ಷೆ ಎಲ್ಲ ಕಡೆ ಕಾರು ಜೋಡಿಸೋ ಸಾಲುಗಳು ನಿಂತುಹೋದವು. ಅದರ ಹಿಂದಿನ ವರ್ಷವೇ ಕಂಪ್ಯೂಟರ್ ಚಿಪ್‌ಗಳ ಬರ. ನಮ್ಮ ಆಫೀಸಿನಲ್ಲಿ ದೊಡ್ಡ ದೊಡ್ಡ ಹುದ್ದೆಯವರು ನಕ್ಷೆ ಹಾಕಿಕೊಂಡು ಕೂತಿದ್ದರು. ಅವತ್ತು ಎಲ್ಲರೂ ಮುತ್ತಿಕೊಂಡಿದ್ದು ಖರೀದಿ ವಿಭಾಗದ ಒಬ್ಬ ಹೆಂಗಸನ್ನ. ಸರಬರಾಜುದಾರನಿಗೆ ಸರಬರಾಜು ಮಾಡೋನು ಯಾರು, ಅವನ ಮೇಸ್ತ್ರಿ ಯಾರು, ಯಾವ ನಂಬರಿಗೆ ಫೋನ್ ಹಚ್ಚಬೇಕು ಅಂತ ಗೊತ್ತಿದ್ದವಳು ಅವಳೊಬ್ಬಳು. ನಮ್ಮ ಮಂಡಿ ಗುಮಾಸ್ತರ ಹಾಗೆ. ಎರಡು ವಾರ ಕಂಪನಿ ಅವಳ ಮಾತಿನ ಮೇಲೆ ನಡೀತು, ಹುದ್ದೆ ಏನೂ ಬದಲಾಗಲಿಲ್ಲ. 2023ರಿಂದ ಪೂರೈಕೆ ಸರಪಳಿಯಲ್ಲಿ ಮಕ್ಕಳ ದುಡಿಮೆ, ಅಸುರಕ್ಷಿತ ಕಾರ್ಖಾನೆ ಇದೆಯಾ ಅಂತ ದೊಡ್ಡ ಕಂಪನಿಗಳೇ ನೋಡಿಕೊಳ್ಳಬೇಕು ಅನ್ನೋ ಕಾನೂನೂ ಬಂತು. ಸಡಿಲಿಸಬೇಕು ಅನ್ನೋ ಗಲಾಟೆಯೂ ಎದ್ದಿತು. ಇರಲಿ, ‘ಅದು ನನ್ನ ವಿಭಾಗಕ್ಕೆ ಬರಲ್ಲ’ ಅನ್ನೋ ಮಾತು ಈಗ ಮೊದಲಿನಷ್ಟು ಸಲೀಸಲ್ಲ.

ನಿನ್ನ ಐದು ಜನರ ವಿಷಯಕ್ಕೆ ಬರ್ತೀನಿ. ಯಾರಾದರೂ ಹುಷಾರಿಲ್ಲ ಅಂತ ಬರೆದರೆ "ಏನಾಯ್ತು? ಜ್ವರನಾ? ಡಾಕ್ಟರು ಏನಂದ್ರು?" ಅಂತ ಕೇಳಬೇಡ. ನಮ್ಮಲ್ಲಿ ಕೇಳದಿದ್ದರೆ ಕಲ್ಲೆದೆ, ಇಲ್ಲಿ ಕೇಳಿದರೆ ಇಣುಕಿದ ಹಾಗೆ. ಕಾಯಿಲೆ ಏನು ಅಂತ ತಿಳಿಯೋ ಹಕ್ಕು ನಿನಗಿಲ್ಲ. ‘ಬೇಗ ಗುಣವಾಗಲಿ’ ಅಂದು ಸುಮ್ಮನಾಗು. ನನ್ನ ಮೊದಲ ವರ್ಷ ಒಬ್ಬನ ಮನೆಗೆ ಹಣ್ಣು ತಗೊಂಡು ಹೋಗೋಕೆ ಹೊರಟಿದ್ದೆ, ಪುಣ್ಯಕ್ಕೆ ಯಾರೋ ತಡೆದರು. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಬೇಡ. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಹನ್ನೊಂದು ಗಂಟೆ ಬಿಡುವು ಕಾನೂನು. ಸಂಜೆ ‘ಫೈಯರ್‌ಆಬೆಂಡ್’, ಅಂದರೆ ಇವತ್ತಿನ ಕೆಲಸ ಮುಗೀತು, ಅಂತ ಎದ್ದರೆ ಎದ್ದರು, ಅದನ್ನ ಸೋಮಾರಿತನ ಅಂತ ಓದಬೇಡ. ಬೆಂಗಳೂರಿನ ಏಳು ಜನಕ್ಕೂ ಅದೇ ಮರ್ಯಾದೆ ಕೊಡು. ಇಲ್ಲಿಗೊಂದು ನ್ಯಾಯ, ನಮ್ಮವರಿಗೊಂದು ನ್ಯಾಯ ಮಾಡೋ ಭಾರತೀಯ ಲೀಡ್‌ಗಳನ್ನ ಬೇಕಾದಷ್ಟು ನೋಡಿದ್ದೀನಿ. ಇದೊಂದು ನನಗೆ ಸಹಿಸೋಕಾಗಲ್ಲ.

ಜರ್ಮನ್ನಿನ ‘ಸೀ’, ‘ಡೂ’ ಅಂದರೆ ನಮ್ಮ ‘ನೀವು’, ‘ನೀನು’. ಇಂಗ್ಲಿಷಿನವರು ಒದ್ದಾಡ್ತಾರೆ, ನಿನಗೆ ಹೇಳಿಕೊಡಬೇಕಿಲ್ಲ. ಹಿರಿಯರು ತಾವಾಗಿ ‘ಡೂ ಅಂತಲೇ ಕರಿ’ ಅಂತ ಹೇಳೋವರೆಗೆ ‘ಸೀ’ ಇರಲಿ. ಅವರಾಗಿ ಹೇಳಿದ ಮೇಲೂ ‘ಸೀ’ ಅಂತ ಎಳೆದರೆ ದೂರ ಇಟ್ಟ ಹಾಗಾಗುತ್ತೆ.

ನಿನ್ನ ಮಾತು ಕೇಳ್ತಾರಾ? ಕಾರಣ ಇದ್ದರೆ ಕೇಳ್ತಾರೆ. ಎಲ್ಲರೆದುರು "ಇದು ಸರಿಯಿಲ್ಲ" ಅಂತ ಮುಖಕ್ಕೆ ಹೇಳ್ತಾರೆ, ಮಧ್ಯಾಹ್ನ ನಿನ್ನ ಜತೆಗೇ ಊಟಕ್ಕೆ ಬರ್ತಾರೆ. ಆ ಎರಡರ ನಡುವೆ ಅವರಿಗೆ ಏನೂ ಆಗಿರಲ್ಲ. ನಿನಗೆ ಆಗಿರುತ್ತೆ, ಒಂದಾರು ತಿಂಗಳು. ಅಂದ ಹಾಗೆ ನಿನ್ನ ಪ್ರಾಯೋಗಿಕ ಅವಧಿಯೂ ಆರೇ ತಿಂಗಳು, ಅಷ್ಟರಲ್ಲಿ ಎರಡೂ ಕಡೆಯವರು ಎರಡು ವಾರದ ನೋಟಿಸಲ್ಲಿ ಬಿಡಬಹುದು.

ಈ ಸೀಮೆಯಲ್ಲಿ ‘ಕೇರ್‌ವೋಖೆ’ ಅಂತ ಒಂದಿದೆ. ಕಟ್ಟಡದ ಮೆಟ್ಟಿಲು ಗುಡಿಸೋ ಸರದಿ ವಾರಕ್ಕೊಬ್ಬರದು, ಬಾಗಿಲಿಗೆ ಬೋರ್ಡು ತಂದು ನೇತುಹಾಕ್ತಾರೆ. ನಾವು ಮೊದಲಿದ್ದ ಮನೆಯ ಮೇಲಂತಸ್ತಿನಲ್ಲಿ ನಾನೂರು ಜನರ ಕಾರ್ಖಾನೆ ನಡೆಸೋರಿದ್ದರು. ತಮ್ಮ ವಾರ ಬಂದಾಗ ಪೊರಕೆ ಹಿಡಿದು ಇಳೀತಿದ್ದರು. ನಿನ್ನ ಬಾಗಿಲಿಗೂ ಬರುತ್ತೆ, ಕೆಲಸದವರನ್ನ ಹುಡುಕಬೇಡ.

ಮನೆ ಹುಡುಕೋದು ನಿಜಕ್ಕೂ ಕಷ್ಟ. ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ಬರೀ ಗೋಡೆ, ಒಲೆ ಸಿಂಕು ನೀನೇ ಹಾಕಿಸಬೇಕು. ಜಾಹೀರಾತಿನಲ್ಲಿ ‘ತಣ್ಣನೆ ಬಾಡಿಗೆ’ ಅಂತ ಇದ್ದರೆ ಹೀಟಿಂಗ್ ಮತ್ತಿತರ ಖರ್ಚು ಅದರ ಮೇಲೆ. ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರೋ ಕಾಗದ ಬೇಕು. ನೋಂದಣಿ ಆಗದೆ ತೆರಿಗೆ ನಂಬರು ಬರಲ್ಲ, ಅದಿಲ್ಲದೆ ಸಂಬಳದಲ್ಲಿ ಸಿಕ್ಕಾಪಟ್ಟೆ ಹಿಡೀತಾರೆ. ಮೊದಲ ತಿಂಗಳು ನಮ್ಮ ಮನೆಯ ಮಹಡಿ ಕೋಣೆ ಖಾಲಿ ಇದೆ, ನಿಮ್ಮ ಭಾವನಿಗೂ ಹೇಳಿದ್ದೀನಿ.

‘ಮುಂದಿನ ತಿಂಗಳ ಕೊನೆಗೆ ಬರ್ತೀನಿ’ ಅಂತ ಬರೆದಿದ್ದೀಯ. ತಾರೀಖು ಬರಿ, ವಿಮಾನ ಎಷ್ಟು ಗಂಟೆಗೆ ಇಳಿಯುತ್ತೆ ಅಂತಲೂ ಬರಿ.